ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಓದುಗರ ಪ್ರಶ್ನೆಗೆ ಜೀವವಿಜ್ಞಾನದ ಉತ್ತರ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೊಲ, ಕೊಟ್ಟಿಗೆ, ಕೆರೆಯವು. ಶಾಲೆ-ಕಾಲೇಜಿನವು ಎರಡು, ಜಿಮ್ಮಿನಿಂದ ಬಂದದ್ದು ಒಂದು. ಒಂದೇ ವಿಷಯ ಕೇಳಿದ ಪತ್ರಗಳಿಗೆ ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಆರು ತಿಂಗಳಲ್ಲಿ 5 ಕಿಲೋ ತೂಕ ಇಳಿಸಿದ್ದೇನೆ. ಕೊಬ್ಬು ಕರಗಿ ಬೆವರಾಗಿ ಹೋಯಿತು ಎಂದು ಜಿಮ್ಮಿನವರು ಹೇಳುತ್ತಾರೆ. ಕೊಬ್ಬು ಶಾಖವಾಗಿ ಹೋಯಿತು ಎನ್ನುವುದು ನಮ್ಮ ಅಣ್ಣನ ವಾದ. ಯಾರು ಸರಿ? (ಬೆಂಗಳೂರು)

ಉತ್ತರ: ಇಬ್ಬರದೂ ತಪ್ಪು, ಜಿಮ್ಮಿನವರದು ಸ್ವಲ್ಪ ಕಡಿಮೆ ತಪ್ಪು. ನೀವು ಕಳೆದುಕೊಂಡ ಕೊಬ್ಬಿನ ಬಹುಪಾಲು ಮೂಗಿನಿಂದ ಹೊರಗೆ ಹೋಗಿದೆ.

ನಮ್ಮ ದೇಹದ ಕೊಬ್ಬಿನ ಒಂದು ಸರಾಸರಿ ಅಣುವಿನಲ್ಲಿ 55 ಇಂಗಾಲ, 104 ಜಲಜನಕ, 6 ಆಮ್ಲಜನಕದ ಪರಮಾಣುಗಳಿವೆ ಎಂದಿಟ್ಟುಕೊಳ್ಳಿ. ಜೀವಕೋಶದೊಳಗೆ ಅದು ಪೂರ್ತಿ ಉರಿದುಹೋಗಲು ಉಸಿರಿನಲ್ಲಿ ಬಂದ ಆಮ್ಲಜನಕದ 78 ಅಣುಗಳು ಬೇಕು. ಕೊನೆಗೆ ಸಿಗುವುದು 55 ಅಣು ಇಂಗಾಲದ ಡೈಆಕ್ಸೈಡ್, 52 ಅಣು ನೀರು. ಒಂದೊಂದು ಪರಮಾಣುವೂ ಯಾವ ದಾರಿ ಹಿಡಿಯುತ್ತದೆ ಎಂಬ ಲೆಕ್ಕವನ್ನು ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಿಡಿಸಿ ತೋರಿಸಿದರು. ಅದರಂತೆ ನಿಮ್ಮ 5 ಕಿಲೋ ಕೊಬ್ಬಿನಲ್ಲಿ 4.2 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸಕೋಶದಿಂದ ಹೊರಬಿದ್ದಿದೆ. ಉಳಿದ 0.8 ಕಿಲೋ ನೀರಾಗಿ ಬೆವರು, ಮೂತ್ರ, ಉಸಿರಿನ ತೇವದಲ್ಲಿ ಹೋಗಿದೆ. ಇಷ್ಟಕ್ಕೆ ನೀವು ಸುಮಾರು 14.5 ಕಿಲೋ ಆಮ್ಲಜನಕ ಒಳಗೆಳೆದುಕೊಂಡಿರುತ್ತೀರಿ.

ಅಣ್ಣನಿಗೆ ಹೇಳಿ: ಶಾಖವಾದದ್ದು ಶಕ್ತಿ, ಗ್ರಾಂ ಕೊಬ್ಬಿಗೆ ಸುಮಾರು 9 ಕಿಲೋಕ್ಯಾಲರಿ. ಪರಮಾಣುಗಳಲ್ಲಿ ಒಂದೂ ಕಳೆಯುವುದಿಲ್ಲ. ಹಾಗೆಂದು ಕುಳಿತಲ್ಲೇ ಜೋರಾಗಿ ಉಸಿರಾಡಿದರೆ ತೂಕ ಇಳಿಯದು, ತಲೆ ಸುತ್ತೀತು ಅಷ್ಟೆ. ಒಳಗೆ ಎಷ್ಟು ಉರಿಯಿತೋ ಅಷ್ಟೇ ಹೊರಗೆ ಬರುತ್ತದೆ. ಇನ್ನು, ಡಯಟ್ ಶುರು ಮಾಡಿದ ಮೊದಲ ವಾರ ಒಂದೆರಡು ಕಿಲೋ ಸರ್ರನೆ ಇಳಿಯುವುದು ಕೊಬ್ಬಿನಿಂದಲ್ಲ. ಪಿತ್ತಜನಕಾಂಗದಲ್ಲೂ ಸ್ನಾಯುವಿನಲ್ಲೂ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು ಖರ್ಚಾಗುವಾಗ, ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಬಿಡುಗಡೆಯಾಗುತ್ತದೆ. ಮತ್ತೆ ಊಟ ಮೊದಲಿನಂತಾದರೆ ಆ ತೂಕವೂ ಅಷ್ಟೇ ಬೇಗ ವಾಪಸು.

ಮರ ಬೆಳೆಯುವುದು ಇದೇ ಲೆಕ್ಕದ ತಿರುಗುಮುರುಗು. ಬೆಲ್ಜಿಯಂ ನಾಡಿನ ವ್ಯಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ದಾಟಿತು, ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್, ಅಂದರೆ 60 ಗ್ರಾಮಿನೊಳಗೆ. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಈ ಬರಹ ಬೆಳಕು ಕಂಡದ್ದು ಅವನು ತೀರಿಕೊಂಡ ಮೇಲೆ, 1648ರಲ್ಲಿ. ಎಲೆ ಗಾಳಿಯಿಂದ ಹೀರುವ ಇಂಗಾಲ ಅವನಿಗೆ ಗೊತ್ತಿರಲಿಲ್ಲ. ಲೆಕ್ಕಕ್ಕಿಲ್ಲವೆಂದು ಬಿಟ್ಟ ಆ 2 ಔನ್ಸಿನಲ್ಲೇ ಮಣ್ಣಿನಿಂದ ಹೋದ ಸಾರಜನಕ, ರಂಜಕ, ಪೊಟ್ಯಾಶಿಯಂ ಎಲ್ಲ ಇದ್ದವು. ಈ ಬಾರಿಯ ಅರ್ಧಕ್ಕೂ ಹೆಚ್ಚು ಪ್ರಶ್ನೆಗಳು ಅದರ ಕುರಿತೇ ಬಂದಿವೆ.

ಪ್ರಶ್ನೆ: ಎಂಜಲಿನಿಂದ ಪಿಷ್ಟ ಜೀರ್ಣವಾಗುವ ಪ್ರಯೋಗವನ್ನು ಮಕ್ಕಳಿಗೆ ಮಾಡಿಸಿದರೆ ಒಮ್ಮೊಮ್ಮೆ ನೀಲಿ ಬಣ್ಣ ಹೋಗುವುದೇ ಇಲ್ಲ, ಒಮ್ಮೊಮ್ಮೆ ಬರುವುದೇ ಇಲ್ಲ. ಒಂದೇ ತರಗತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫಲಿತಾಂಶ. (ಪ್ರೌಢಶಾಲಾ ಶಿಕ್ಷಕಿ, ಗದಗ)

ಉತ್ತರ: ಹತ್ತರಲ್ಲಿ ಎಂಟು ಸಲ ತೊಂದರೆ ಗಂಜಿಯದು. ಅನ್ನದ ಗಂಜಿ ಬಸಿದು ಹಾಗೇ ಬಳಸಿದರೆ ಅದರಲ್ಲಿ ಪಿಷ್ಟ ವಿಪರೀತ, ಒಂದು ತೊಟ್ಟು ಎಂಜಲು ಅದನ್ನು ಮುಗಿಸಲು ಪಿರಿಯಡ್ ಸಾಲದು. ಒಂದು ಗ್ರಾಂ ಕಾರ್ನ್‌ಫ್ಲೋರನ್ನು ಸ್ವಲ್ಪ ತಣ್ಣೀರಿನಲ್ಲಿ ಕಲಸಿ, ಕುದಿಯುವ ನೀರಿಗೆ ಸುರಿದು ಒಟ್ಟು 100 ಮಿಲಿ ಮಾಡಿ, ಎರಡು ನಿಮಿಷ ಕುದಿಸಿ ಪೂರ್ತಿ ಆರಿಸಿ. ಚಿಟಿಕೆ ಉಪ್ಪು ಹಾಕಿ. ಎಂಜಲಿನ ಅಮೈಲೇಸ್ ಕಿಣ್ವ ಚುರುಕಾಗಿ ಕೆಲಸ ಮಾಡಲು ಕ್ಲೋರೈಡ್ ಬೇಕು.

ಅಯೋಡಿನ್‌ಗೆ ಔಷಧಿ ಅಂಗಡಿಯ 5 ಶೇಕಡಾ ಪೊವಿಡೋನ್ ಅಯೋಡಿನ್ ಸಾಕು, ಪಿಷ್ಟ ಇದ್ದರೆ ನೀಲಿ ಬಣ್ಣ ಕೊಡುವುದು ಅದೇ. 1 ಮಿಲಿಗೆ 10 ಮಿಲಿ ನೀರು ಸೇರಿಸಿದರೆ ತೆಳು ಕಪ್ಪು ಚಹಾದ ಬಣ್ಣ ಬರುತ್ತದೆ. ಅದನ್ನು ಪ್ರನಾಳಕ್ಕೆ ಸುರಿಯಬೇಡಿ. ಬಿಳಿ ಟೈಲ್ಸ್ ಮೇಲೆ ಸಾಲಾಗಿ ಒಂದೊಂದು ಹನಿ ಇಟ್ಟುಕೊಳ್ಳಿ. ಮಕ್ಕಳು ಬಾಯಿ ಮುಕ್ಕಳಿಸಿ, ಒಂದೆರಡು ನಿಮಿಷ ಬಿಟ್ಟು 1 ಮಿಲಿಯಷ್ಟು ಎಂಜಲು ತೆಗೆದು 4 ಮಿಲಿ ನೀರಿಗೆ ಬೆರೆಸಲಿ. 5 ಮಿಲಿ ಗಂಜಿಗೆ ಈ ತೆಳು ಎಂಜಲು 1 ಮಿಲಿ. ಪ್ರನಾಳವನ್ನು 37 ಡಿಗ್ರಿ ಸೆಲ್ಸಿಯಸ್ ನೀರಿನ ಬಟ್ಟಲಲ್ಲಿ ನಿಲ್ಲಿಸಿ, ನಿಮಿಷಕ್ಕೊಂದು ಸಲ ಕಡ್ಡಿಯಿಂದ ಒಂದು ಹನಿ ತೆಗೆದು ಟೈಲ್ಸ್ ಮೇಲಿನ ಅಯೋಡಿನ್‌ಗೆ ಮುಟ್ಟಿಸಿ. ಮೊದಲ ಹನಿಗಳು ಕಡುನೀಲಿ, ಆಮೇಲೆ ನೇರಳೆ, ಆಮೇಲೆ ಕೆಂಪುಕಂದು, ಕೊನೆಗೆ ಅಯೋಡಿನ್ನಿನ ಬಣ್ಣವಷ್ಟೇ. ಪಿಷ್ಟವೆಂಬ ಗ್ಲೂಕೋಸಿನ ಉದ್ದ ಸರಪಳಿ ತುಂಡು ತುಂಡಾಗುವುದನ್ನು ಮಕ್ಕಳು ಹೀಗೆ ಸಾಲಾಗಿ ಕಣ್ಣಾರೆ ಕಾಣಬಹುದು. ಪ್ರನಾಳಕ್ಕೇ ಅಯೋಡಿನ್ ಸುರಿದರೆ ಈ ಮೆಟ್ಟಿಲುಗಳೆಲ್ಲ ಮುಚ್ಚಿಹೋಗುತ್ತವೆ, ಕಿಣ್ವದ ಕೆಲಸಕ್ಕೂ ಅದು ಅಡ್ಡಿ.

ನೀಲಿ ಬರುವುದೇ ಇಲ್ಲ ಎನ್ನುವುದಕ್ಕೆ ಮೂರು ಕಾರಣ ಕಂಡುಬರುತ್ತವೆ. ಗಂಜಿ ಬಿಸಿಯಿದ್ದಾಗ ಪರೀಕ್ಷಿಸಿದರೆ ಪಿಷ್ಟದ ಸುರುಳಿ ಸಡಿಲಾಗಿ ಅಯೋಡಿನ್ ಅದರೊಳಗೆ ನಿಲ್ಲುವುದಿಲ್ಲ. ಆರಿದರೆ ಬಣ್ಣ ತಾನಾಗಿ ಬರುತ್ತದೆ. ಪ್ರನಾಳದಲ್ಲಿ ಸೋಪು ಅಥವಾ ಸುಣ್ಣ ಉಳಿದಿದ್ದರೆ ಆ ಕ್ಷಾರವೇ ಅಯೋಡಿನ್ನನ್ನು ತಿಂದುಹಾಕುತ್ತದೆ. ಮೂರನೆಯದು ನಿಂಬೆರಸ. ‘ಆಮ್ಲದಲ್ಲಿ ಕಿಣ್ವ ಕೆಲಸ ಮಾಡುತ್ತದೆಯೇ’ ಎಂದು ನೋಡಲು ಬಹಳ ಶಿಕ್ಷಕರು ನಿಂಬೆ ಹಿಂಡುತ್ತಾರೆ. ಅದರ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ತೆಗೆಯುವುದರಿಂದ, ಜೀರ್ಣವಾಗದ ಪಿಷ್ಟವೂ ಜೀರ್ಣವಾದಂತೆ ಕಾಣುತ್ತದೆ! ಆಮ್ಲಕ್ಕೆ ಬಿಳಿ ವಿನೆಗರ್ ಬಳಸಿ.

ಪಕ್ಕದಲ್ಲಿ ಎರಡು ಪ್ರನಾಳ ತಪ್ಪದೆ ಇಡಿ: ಒಂದರಲ್ಲಿ ಎಂಜಲಿನ ಬದಲು ನೀರು, ಇನ್ನೊಂದರಲ್ಲಿ ಐದು ನಿಮಿಷ ಕುದಿಸಿ ಆರಿಸಿದ ಎಂಜಲು. ಸಮಯವಿದ್ದರೆ ಮಂಜುಗಡ್ಡೆಯಲ್ಲಿಟ್ಟ ಮೂರನೆಯದೂ ಇರಲಿ. ಕುದಿಸಿದ್ದನ್ನು ಮತ್ತೆ 37 ಡಿಗ್ರಿಗೆ ತಂದರೂ ಕಿಣ್ವ ಏಳುವುದಿಲ್ಲ, ಪ್ರೋಟೀನಿನ ಮಡಿಕೆ ಬಿಚ್ಚಿಹೋಗಿದೆ. ಮಂಜುಗಡ್ಡೆಯದು ಬೆಚ್ಚಗಾದ ಕೂಡಲೇ ಕೆಲಸ ಶುರುಮಾಡುತ್ತದೆ. ಪಠ್ಯದ ಒಂದು ಪುಟ ಇದರಲ್ಲೇ ಮುಗಿಯುತ್ತದೆ.

ಮಕ್ಕಳಲ್ಲಿ ಒಬ್ಬರಿಗೆ 3 ನಿಮಿಷ, ಇನ್ನೊಬ್ಬರಿಗೆ 10 ನಿಮಿಷ ಬಂದರೆ ಅಂಕ ಕಳೆಯಬೇಡಿ. ಈ ಕಿಣ್ವದ ಜೀನ್‌ಗೆ ಎಷ್ಟು ಪ್ರತಿಗಳಿವೆ ಎನ್ನುವುದು ಮನುಷ್ಯರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ. ಅವರವರ ಎಂಜಲನ್ನು ಅವರವರೇ ಮುಟ್ಟಲಿ, ಮುಗಿದ ಮೇಲೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಯಲಿ.

ಪ್ರಶ್ನೆ: ಪಿಷ್ಟವೂ ಗ್ಲೂಕೋಸ್ ಸರಪಳಿ, ಹುಲ್ಲಿನ ಸೆಲ್ಯುಲೋಸೂ ಗ್ಲೂಕೋಸ್ ಸರಪಳಿ. ಹಾಗಿದ್ದರೆ ಹಸು ಹುಲ್ಲು ತಿಂದು ಬದುಕುತ್ತದೆ, ನಾವೇಕೆ ಬದುಕುವುದಿಲ್ಲ? (ಪಿಯು ವಿದ್ಯಾರ್ಥಿ, ವಿಜಯಪುರ)

ಉತ್ತರ: ಮಣಿ ಒಂದೇ, ಪೋಣಿಸಿದ ರೀತಿ ಬೇರೆ. ಪಿಷ್ಟದಲ್ಲಿ ಕೊಂಡಿ ಆಲ್ಫಾ ಜಾತಿಯದು, ಸರಪಳಿ ಸುರುಳಿಯಾಗುತ್ತದೆ, ಕಿಣ್ವಕ್ಕೆ ಒಳನುಗ್ಗಲು ಜಾಗವಿರುತ್ತದೆ. ಸೆಲ್ಯುಲೋಸಿನಲ್ಲಿ ಕೊಂಡಿ ಬೀಟಾ ಜಾತಿಯದು, ಒಂದು ಬಿಟ್ಟೊಂದು ಗ್ಲೂಕೋಸ್ ಮಗುಚಿಕೊಂಡಿರುತ್ತದೆ, ನೇರ ಸರಪಳಿಗಳು ಒಂದಕ್ಕೊಂದು ಹೈಡ್ರೋಜನ್ ಬಂಧದಿಂದ ಅಂಟಿ ನಾರಾಗುತ್ತವೆ. ಅದನ್ನು ಕತ್ತರಿಸುವ ಕಿಣ್ವ ನಮಗಿಲ್ಲ. ಹಸುವಿನ ಜೀರ್ಣರಸದಲ್ಲೂ ಇಲ್ಲ! ಕೆಲಸ ಮಾಡುವುದು ಅದರ ಮೊದಲ ಹೊಟ್ಟೆಯಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು. ಹಸುವಿಗೆ ಸಿಗುವುದು ಅವು ಬಿಟ್ಟ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳು. ಆಮೇಲೆ ಆ ಸೂಕ್ಷ್ಮಜೀವಿಗಳನ್ನೇ ಮುಂದಿನ ಹೊಟ್ಟೆಯಲ್ಲಿ ಅರಗಿಸಿಕೊಂಡು ಪ್ರೋಟೀನ್ ಪಡೆಯುತ್ತದೆ. ಮಿಥೇನ್ ತೇಗಿನಲ್ಲಿ ಹೊರಕ್ಕೆ.

ಪರೀಕ್ಷೆಗೆ ಇಷ್ಟು ಸಾಕು. ಮನೆಯಲ್ಲಿ ದನ ಇದ್ದರೆ ಇನ್ನೊಂದು ಮಾತು. ಮದುವೆ, ಜಾತ್ರೆ ಮುಗಿದ ಮೇಲೆ ಉಳಿದ ಅನ್ನ, ಪಾಯಸವನ್ನು ಬಾನಿಗಟ್ಟಲೆ ದನಕ್ಕೆ ಸುರಿಯುವುದುಂಟು. ಹುಲ್ಲಿಗೆ ಹೊಂದಿಕೊಂಡ ಹೊಟ್ಟೆಗೆ ಅಷ್ಟು ಪಿಷ್ಟ ಒಮ್ಮೆಲೇ ಬಿದ್ದರೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಉಕ್ಕುತ್ತವೆ, 6ರ ಮೇಲಿರಬೇಕಾದ ಪಿಎಚ್ (ಹುಳಿ ಹೆಚ್ಚಾದಷ್ಟೂ ಇಳಿಯುವ ಅಳತೆ) 5ಕ್ಕೂ ಕೆಳಗಿಳಿಯುತ್ತದೆ, ನಾರು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಮೆಲುಕು ನಿಲ್ಲುತ್ತದೆ, ಸಗಣಿ ಹುಳಿವಾಸನೆಯಿಂದ ನೀರಾಗುತ್ತದೆ, ದನ ಕೂತದ್ದು ಏಳುವುದಿಲ್ಲ. ಮೆಲುಕು ನಿಂತಿತೆಂದು ಕಂಡ ತಕ್ಷಣ ಪಶುವೈದ್ಯರನ್ನು ಕರೆಯಿರಿ, ಮರುದಿನಕ್ಕೆ ಕಾಯಬೇಡಿ.

ಪ್ರಶ್ನೆ: ಭತ್ತದ ಹುಲ್ಲು ಸುಡಬೇಡಿ ಎಂದರೆಂದು ಈ ಸಲ ರೋಟವೇಟರ್ ಹೊಡೆಸಿ ಮಣ್ಣಿಗೇ ಸೇರಿಸಿದೆ. ವಾರದೊಳಗೆ ಮೆಕ್ಕೆಜೋಳ ಹಾಕಿದೆ. ಈಗ ಪೈರೆಲ್ಲ ಹಳದಿ. ಪಕ್ಕದ ಹೊಲದಲ್ಲಿ ಸುಟ್ಟವರದು ಹಸಿರಾಗಿದೆ. (ದಾವಣಗೆರೆ)

ಉತ್ತರ: ಮಾಡಿದ್ದು ಸರಿ, ಬಿತ್ತಿದ ಸಮಯ ತಪ್ಪು.

ಮೊದಲು ಹಳದಿ ಯಾವುದೆಂದು ನೋಡಿ. ಕೆಳಗಿನ ಹಳೆಯ ಎಲೆಗಳ ತುದಿಯಿಂದ ಶುರುವಾಗಿ, ನಡುದಿಂಡಿನ ಗುಂಟ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಒಳಕ್ಕೆ ಇಳಿದಿದ್ದರೆ ಅದು ಸಾರಜನಕದ ಕೊರತೆ. ಗಿಡ ಹಳೆಯ ಎಲೆಯ ಸಾರಜನಕವನ್ನು ಕಿತ್ತು ಸುಳಿಗೆ ಕೊಡುತ್ತದೆ, ಹಾಗಾಗಿ ಕೆಳಗೆ ಮೊದಲು. ಸುಳಿಯ ಎಳೆ ಎಲೆಗಳೇ ಹಳದಿಯಾಗಿದ್ದರೆ ಗಂಧಕ ಅಥವಾ ಕಬ್ಬಿಣದ ಕೊರತೆ, ಅದಕ್ಕೆ ಈ ಉತ್ತರ ಹೊಂದುವುದಿಲ್ಲ.

ಸಾರಜನಕವೇ ಆಗಿದ್ದರೆ ಕಾರಣ ಹುಲ್ಲಿನ ಇಂಗಾಲ. ಒಂದು ಟನ್ ಒಣ ಭತ್ತದ ಹುಲ್ಲಿನಲ್ಲಿ ಸುಮಾರು 400 ಕಿಲೋ ಇಂಗಾಲ, 5 ಕಿಲೋ ಸಾರಜನಕ, 80ಕ್ಕೆ 1. ಅದನ್ನು ತಿನ್ನುವ ಸೂಕ್ಷ್ಮಜೀವಿಯ ಮೈಯಲ್ಲಿ ಇದು ಹೆಚ್ಚುಕಡಿಮೆ 8ಕ್ಕೆ 1. ತಿಂದ ಇಂಗಾಲದಲ್ಲಿ ಮೂರನೇ ಎರಡು ಪಾಲು ಉಸಿರಾಗಿ ಹೋಗಿ ಒಂದು ಪಾಲು ಮೈಗೆ ಹತ್ತಿದರೂ 133 ಕಿಲೋ ಇಂಗಾಲಕ್ಕೆ 16-17 ಕಿಲೋ ಸಾರಜನಕ ಬೇಕು. ಹುಲ್ಲಿನಲ್ಲಿರುವುದು 5. ಉಳಿದ 11-12 ಕಿಲೋ ಮಣ್ಣಿನಿಂದ, ಅಂದರೆ ನಿಮ್ಮ ಮೆಕ್ಕೆಜೋಳದ ಬಾಯಿಯಿಂದ ಹೋಗುತ್ತದೆ. ಬೇರಿಗಿಂತ ಅವು ಚುರುಕು. ಹುಲ್ಲು ಮುಗಿದ ಮೇಲೆ ಅವು ಸತ್ತು ಅದೇ ಸಾರಜನಕ ವಾಪಸು ಬರುತ್ತದೆ. ನಷ್ಟವಾಗಿಲ್ಲ, ಸಾಲವಾಗಿದೆ.

ಈಗ ಮಾಡಬೇಕಾದದ್ದು: ತೇವ ಇರುವಾಗ ಎಕರೆಗೆ 25 ಕಿಲೋ ಯೂರಿಯಾವನ್ನು ಸಾಲಿನ ಪಕ್ಕ ಕೊಟ್ಟು ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿಸಿ. ಮೇಲೆ ಚೆಲ್ಲಿ ಬಿಟ್ಟರೆ ಯೂರಿಯೇಸ್ ಕಿಣ್ವ ಅದನ್ನು ಒಡೆದು ಅಮೋನಿಯಾ ಗಾಳಿಗೆ ಹೋಗುತ್ತದೆ. ಬಿಸಿಲು, ಸುಣ್ಣದಂಶದ ಮಣ್ಣು ಎರಡೂ ಇದ್ದರೆ ಇನ್ನೂ ಹೆಚ್ಚು. ತುರ್ತಿಗೆ ಲೀಟರಿಗೆ 20 ಗ್ರಾಂ ಯೂರಿಯಾ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಬಹುದು. 20 ಗ್ರಾಂ ದಾಟಿಸಬೇಡಿ, ಎಲೆಯ ಅಂಚು ಸುಡುತ್ತದೆ.

ಮುಂದಿನ ಸಲ ಹುಲ್ಲು ಸೇರಿಸಿ, ನೀರು ಹಾಯಿಸಿ, ಮೂರು-ನಾಲ್ಕು ವಾರ ಬಿಟ್ಟು ಬಿತ್ತಿ. ಅಷ್ಟು ಪುರುಸೊತ್ತಿಲ್ಲದವರು ಗೊಬ್ಬರದ ಗುಂಡಿಗೆ ಹಾಕಲಿ, ಅಲ್ಲೂ ಇದೇ ಲೆಕ್ಕ. ಶುರುವಿನಲ್ಲಿ 30ಕ್ಕೆ 1 ಇದ್ದರೆ ರಾಶಿ ಚೆನ್ನಾಗಿ ಕಾಯುತ್ತದೆ. 100 ಕಿಲೋ ಹುಲ್ಲಿಗೆ ಬರೀ ಸಗಣಿಯಿಂದ ಅದನ್ನು ಸಾಧಿಸಲು ಹೊರಟರೆ ಒಂದೂವರೆ ಟನ್ನಿಗೂ ಹೆಚ್ಚು ಹಸಿ ಸಗಣಿ ಬೇಕು, ಏಕೆಂದರೆ ಹಸಿ ಸಗಣಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರು, ಉಳಿದದ್ದೂ 25ಕ್ಕೆ 1ರ ಆಸುಪಾಸು. ಗ್ಲಿರಿಸಿಡಿಯಾ ಸೊಪ್ಪಾದರೆ ಹಸಿಯದು 180-190 ಕಿಲೋ ಸಾಕು. ಯೂರಿಯಾ ಆದರೆ 1.8 ಕಿಲೋ. ಸಗಣಿಯನ್ನು ಒಂದೆರಡು ಬುಟ್ಟಿ ಕದಡಿ ಹಾಕಿ, ಅದು ಇಲ್ಲಿ ಹೆಪ್ಪಿನ ಕೆಲಸಕ್ಕೆ. ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮೂರ್ನಾಲ್ಕು ದಿನದಲ್ಲಿ ಒಳಗೆ 55 ಡಿಗ್ರಿ ದಾಟಬೇಕು. ಮೂಗಿಗೆ ಅಮೋನಿಯಾ ಹೊಡೆದರೆ ಸೊಪ್ಪು ಹೆಚ್ಚಾಗಿದೆ, ಹುಲ್ಲು ಸೇರಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿಯಿಲ್ಲ, ಮಗುಚಿ.

ಪಕ್ಕದವರ ಹಸಿರಿನ ಬಗ್ಗೆ: ಸುಟ್ಟಾಗ ಹುಲ್ಲಿನ ಇಂಗಾಲವೂ ಸಾರಜನಕವೂ ಬಹುತೇಕ ಪೂರ್ತಿ ಹೊಗೆಯಲ್ಲಿ ಹೋಯಿತು, ಬೂದಿಯಲ್ಲಿ ಪೊಟ್ಯಾಶಿಯಂ ಉಳಿಯಿತು. ಅವರ ಮಣ್ಣಿನ ಸೂಕ್ಷ್ಮಜೀವಿಗಳಿಗೆ ತಿನ್ನಲು ಏನೂ ಇಲ್ಲದ್ದರಿಂದ ಪೈರಿಗೆ ಪೈಪೋಟಿಯಿಲ್ಲ, ಅಷ್ಟೇ.

ಪ್ರಶ್ನೆ: ತೊಗರಿ ಬೀಜಕ್ಕೆ ರೈಜೋಬಿಯಂ ಹಚ್ಚಿ ಬಿತ್ತಿದ್ದೆ. ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಗಂಟೇ ಇಲ್ಲ. ಪ್ಯಾಕೆಟ್ ಖೊಟ್ಟಿಯೇ? (ಕಲಬುರಗಿ)

ಉತ್ತರ: ಕಿತ್ತು ನೋಡಿದ್ದೇ ಮೊದಲ ತಪ್ಪು ಇರಬಹುದು. ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಗಂಟುಗಳು ಎಳೆಬೇರಿಗೆ ಹಗುರಾಗಿ ಅಂಟಿರುತ್ತವೆ, ಗಿಡ ಹಿಡಿದು ಎಳೆದರೆ ಮಣ್ಣಿನಲ್ಲೇ ಉಳಿಯುತ್ತವೆ. ಬಿತ್ತಿದ 40-45ನೇ ದಿನ, ಹೊಲದ ಬೇರೆ ಬೇರೆ ಕಡೆ ನಾಲ್ಕೈದು ಗಿಡಗಳನ್ನು ಸುತ್ತ ಒಂದು ಗೇಣು ಬಿಟ್ಟು ಸಲಿಕೆಯಿಂದ ಮಣ್ಣು ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮೆಲ್ಲಗೆ ಅಲುಗಿಸಿ. ಬೇರಿನ ಮಗ್ಗುಲಿಗೆ ಅಂಟಿದ, ಉಗುರಿನಿಂದ ತಳ್ಳಿದರೆ ಕಳಚಿ ಬರುವ ಗುಂಡುಗಳು ರೈಜೋಬಿಯಂನವು. ಬೇರೇ ಉಬ್ಬಿಕೊಂಡಿದ್ದು, ಬಿಡಿಸಲು ಬಾರದಿದ್ದರೆ ಅದು ದುಂಡುಹುಳುವಿನ ಕಾಟ.

ಈಗ ಒಂದು ಗಂಟನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ. ಒಳಗೆ ಹಸಿಮಾಂಸದಂತೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ. ಗಾಳಿಯ ಸಾರಜನಕ ಒಡೆಯುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ, ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟು ಬೇಕಾದಷ್ಟೇ ಒದಗಿಸುತ್ತದೆ. ಒಳಗೆ ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ ಅಥವಾ ಕೆಲಸಕ್ಕೆ ಬಾರದ ತಳಿ ಸೇರಿದೆ. ಹಸಿರು-ಕಂದು ಇದ್ದರೆ ಮುದಿಯಾಗಿದೆ.

ನಿಜಕ್ಕೂ ಗಂಟೇ ಇಲ್ಲದಿದ್ದರೆ ಪ್ಯಾಕೆಟ್ಟಿಗಿಂತ ಮೊದಲು ನಿಮ್ಮ ಗೊಬ್ಬರದ ಮೇಲೆ ಅನುಮಾನ ಪಡಿ. ಒಂದು ಅಣು ಸಾರಜನಕ ಒಡೆದು ಎರಡು ಅಮೋನಿಯಾ ಮಾಡಲು ಕನಿಷ್ಠ 16 ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಖರ್ಚು, ಅದಕ್ಕೆ ಬೇಕಾದ ಸಕ್ಕರೆಯೆಲ್ಲ ಗಿಡದ್ದು. ಮಣ್ಣಿನಲ್ಲಿ ಪುಕ್ಕಟೆ ನೈಟ್ರೇಟ್ ಸಿಕ್ಕರೆ ಗಿಡ ಈ ಬಾಡಿಗೆದಾರರನ್ನು ಸೇರಿಸುವುದೇ ಇಲ್ಲ. ಬಿತ್ತುವಾಗ ಎಕರೆಗೆ 10 ಕಿಲೋ ಸಾರಜನಕ ಸಾಕು, ಆಮೇಲೆ ಯೂರಿಯಾ ಬೇಡ. ರಂಜಕ ಮಾತ್ರ ಕೊರತೆಯಾಗಬಾರದು.

ಬೀಜೋಪಚಾರದಲ್ಲಿ ಕೆಡುವುದು ಹೀಗೆ: ಶಿಲೀಂಧ್ರನಾಶಕವನ್ನೂ ರೈಜೋಬಿಯಂನ್ನೂ ಒಟ್ಟಿಗೆ ಕಲಸುವುದು, ಬಿಸಿ ಬೆಲ್ಲದ ಪಾಕ ಸುರಿಯುವುದು, ಬೀಜವನ್ನು ಬಿಸಿಲಿಗೆ ಹರವುವುದು. ಪೂರ್ತಿ ಆರಿದ ಬೆಲ್ಲದ ನೀರಿನಲ್ಲಿ 200 ಗ್ರಾಂ ಪ್ಯಾಕೆಟ್ ಕದಡಿ, 8-10 ಕಿಲೋ ಬೀಜಕ್ಕೆ ಸವರಿ, ನೆರಳಿನಲ್ಲಿ ಆರಿಸಿ ಅದೇ ದಿನ ಬಿತ್ತಿ. ಔಷಧ ಹಚ್ಚಲೇಬೇಕಿದ್ದರೆ ಮೊದಲು ಅದು, ಒಣಗಿದ ಮೇಲೆ ಕೊನೆಗೆ ರೈಜೋಬಿಯಂ. ಪ್ಯಾಕೆಟ್ಟಿನ ಮೇಲೆ ತೊಗರಿಗೆ ಎಂದು ಬರೆದಿದೆಯೇ, ವಾಯಿದೆ ಮುಗಿದಿಲ್ಲವೇ ಎಂದೂ ನೋಡಿ. ಸೋಯಾದ ಬ್ಯಾಕ್ಟೀರಿಯಾ ತೊಗರಿಗೆ ನೆಚ್ಚಿಕೊಳ್ಳುವಂಥದಲ್ಲ.

ಪ್ರಶ್ನೆ: ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ಮೋಡ ಮುಚ್ಚಿದ ಮೂರನೇ ದಿನ ಬೆಳಗಿನ ಜಾವ ದೊಡ್ಡ ಮೀನೆಲ್ಲ ಸತ್ತು ತೇಲಿದವು. ಯಾರೋ ವಿಷ ಹಾಕಿರಬೇಕು ಎಂದು ಊರೆಲ್ಲ ಮಾತು. (ಮಂಡ್ಯ)

ಉತ್ತರ: ದೂರು ಕೊಡುವ ಮುಂಚೆ ನೀರಿನ ಬಣ್ಣ ನೋಡಿ. ಬಟಾಣಿ ಸಾರಿನಷ್ಟು ಹಸಿರಾಗಿದ್ದರೆ ಕೊಂದದ್ದು ಉಸಿರುಗಟ್ಟುವಿಕೆ.

25 ಡಿಗ್ರಿಯ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ ಸುಮಾರು 8 ಮಿಲಿಗ್ರಾಂ ಅಷ್ಟೇ. ಹಗಲು ಪಾಚಿ ಅದಕ್ಕೆ ಸೇರಿಸುತ್ತದೆ. ರಾತ್ರಿ ಪಾಚಿ, ಮೀನು, ತಳದ ಕೆಸರಿನ ಬ್ಯಾಕ್ಟೀರಿಯಾ ಎಲ್ಲವೂ ಬರೀ ಖರ್ಚು ಮಾಡುತ್ತವೆ, ಸೂರ್ಯ ಹುಟ್ಟುವ ಮುಂಚೆ ಅದು ತೀರ ಕೆಳಗೆ ಮುಟ್ಟುತ್ತದೆ. ಮೂರು ದಿನ ಬಿಸಿಲಿಲ್ಲದಿದ್ದರೆ ಹಗಲಿನ ಆದಾಯವೂ ನಿಂತಂತೆ. 2 ಮಿಲಿಗ್ರಾಮಿಗಿಂತ ಕೆಳಗೆ ಹೋದರೆ ಕಾಟ್ಲಾದಂಥವು ಉಳಿಯುವುದು ಕಷ್ಟ, ಅದರಲ್ಲೂ ದೊಡ್ಡವು ಮೊದಲು. ಸಾಯುವ ಮುಂಚೆ ಮೇಲೆ ಬಂದು ಬಾಯಿ ಕಳೆದು ಗಾಳಿ ಗುಟುಕರಿಸುತ್ತವೆ. ಕೀಟನಾಶಕವಾಗಿದ್ದರೆ ಸಾವು ಹಗಲು-ರಾತ್ರಿ ನೋಡುವುದಿಲ್ಲ. ಸಾಮಾನ್ಯವಾಗಿ ಮರಿಗಳು ಮೊದಲು, ಜೊತೆಗೆ ನೀರುಹುಳು, ಕಪ್ಪೆಮರಿಗಳೂ ಸಾಯುತ್ತವೆ.

ಮೀನು ಮೇಲೆ ಬಂದು ಗುಟುಕರಿಸುವುದು ಕಂಡ ಕೂಡಲೇ ಪಂಪು ಹಾಕಿ ಹೊಂಡದ ನೀರನ್ನೇ ಎತ್ತಿ ಎತ್ತರದಿಂದ ತುಂತುರಾಗಿ ಬೀಳಿಸಿ, ಬಿಸಿಲೇರುವವರೆಗೆ ನಿಲ್ಲಿಸಬೇಡಿ. ತಿಂಡಿ, ಸಗಣಿ, ಗೊಬ್ಬರ ಎಲ್ಲ ಬಂದ್. ಮುಂದಕ್ಕೆ, ಬಿಳಿ ತಟ್ಟೆಯೊಂದಕ್ಕೆ ದಾರ ಕಟ್ಟಿ ಇಳಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ: 30-40 ಸೆಂಟಿಮೀಟರಿಗೆ ಮರೆಯಾದರೆ ಸರಿ, 20ಕ್ಕೇ ಮರೆಯಾದರೆ ಪಾಚಿ ಮಿತಿ ಮೀರಿದೆ.

ಸಿಹಿನೀರಿನಲ್ಲಿ ಪಾಚಿಗೆ ಕಡಿವಾಣ ಹಾಕುವುದು ಬಹುಮಟ್ಟಿಗೆ ರಂಜಕ. ಒಂದು ಗ್ರಾಂ ರಂಜಕ ಸಿಕ್ಕರೆ 100 ಗ್ರಾಮಿಗೂ ಹೆಚ್ಚು ಒಣಪಾಚಿ ಬೆಳೆಯಬಲ್ಲದು. ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ತಂಡ 1973ರಲ್ಲಿ 226ನೇ ನಂಬರಿನ ಸರೋವರವನ್ನು ಪರದೆ ಕಟ್ಟಿ ಎರಡು ಮಾಡಿತು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿ ಒಂದಕ್ಕೆ ಮಾತ್ರ ರಂಜಕ ಸೇರಿಸಿದರು. ಹಸಿರಾದದ್ದು ಆ ಒಂದು ಭಾಗ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಊರಿನ ಚರಂಡಿಯಿಂದ, ಬಟ್ಟೆ ಒಗೆಯುವ ಪುಡಿಯಿಂದ ಸೇರಿದ್ದೂ ಇದೇ. ನಿಮ್ಮ ಹೊಂಡಕ್ಕೆ ಕೊಟ್ಟಿಗೆ ತೊಳೆದ ನೀರು ಹರಿದು ಬರುತ್ತಿದ್ದರೆ ಮೊದಲು ಅದನ್ನು ತಿರುಗಿಸಿ.

ಪ್ರಶ್ನೆ: ಅಡಿಕೆ ತೋಟಕ್ಕೆ ಡಿಎಪಿ ಗೊಬ್ಬರದ ಬದಲು ಅಗ್ಗದ ಶಿಲಾರಂಜಕ (ರಂಜಕವಿರುವ ಕಲ್ಲಿನ ಪುಡಿ) ಹಾಕಬಹುದೇ? (ಶೃಂಗೇರಿ)

ಉತ್ತರ: ನಿಮ್ಮ ಕಡೆಯ ಮಣ್ಣಿಗೆ ಹಾಕಬಹುದು. ಮಲೆನಾಡಿನ ಮಣ್ಣು ಹುಳಿ, ಆ ಹುಳಿಯೇ ಶಿಲೆಯನ್ನು ನಿಧಾನಕ್ಕೆ ಕರಗಿಸುತ್ತದೆ. ಪಿಎಚ್ 8ರ ಕಪ್ಪುಮಣ್ಣಿನವರು ಹಾಕಿದರೆ ಕಲ್ಲುಪುಡಿ ಕಲ್ಲುಪುಡಿಯಾಗಿಯೇ ಉಳಿಯುತ್ತದೆ. ಆದರೆ ನೀವು ಸುಣ್ಣವನ್ನೂ ಶಿಲಾರಂಜಕವನ್ನೂ ಒಂದೇ ಸಲ ಹಾಕಬಾರದು, ಸುಣ್ಣ ಹುಳಿ ಕಳೆದರೆ ಕರಗಿಸುವವರಾರು? ನಡುವೆ ಕೆಲವು ತಿಂಗಳ ಅಂತರವಿರಲಿ. ಬುಡದ ಸುತ್ತ ಕೊಟ್ಟಿಗೆ ಗೊಬ್ಬರದ ಜೊತೆ ಸೇರಿಸಿ ಮಣ್ಣಿಗೆ ಕಲಸಿ. ರಂಜಕ ಮಣ್ಣಿನಲ್ಲಿ ಓಡಾಡುವುದಿಲ್ಲ, ಮೇಲೆ ಚೆಲ್ಲಿದ್ದು ಮೇಲೆಯೇ ಇರುತ್ತದೆ. ಹುಳಿ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುವುದೂ ಇದೆ, ಬೇರಿನ ಶಿಲೀಂಧ್ರಗಳು ಒಂದಿಷ್ಟನ್ನು ಬಿಡಿಸಿ ಕೊಡುತ್ತವೆ.

ಲೆಕ್ಕದಲ್ಲಿ ಒಂದು ಎಚ್ಚರ. 50 ಕಿಲೋ ಡಿಎಪಿ ಚೀಲದ 46 ಶೇಕಡಾ ಎಂದರೆ 23 ಕಿಲೋ ಫಾಸ್ಫರಸ್ ಪೆಂಟಾಕ್ಸೈಡ್. ಅದರಲ್ಲಿ ನಿಜವಾದ ರಂಜಕ 10 ಕಿಲೋ. ಗಾಳಿಯಲ್ಲಿ ರಂಜಕದ ದಾಸ್ತಾನಿಲ್ಲ, ಸಾರಜನಕದಂತೆ ಬ್ಯಾಕ್ಟೀರಿಯಾ ಹಿಡಿದು ತರುವಂತಿಲ್ಲ. ಉದಯಪುರದ ಬಳಿಯ ಝಾಮರಕೋಟ್ರಾದಂಥ ಗಣಿಯಿಂದ ಅಗೆದೇ ತರಬೇಕು.

ಪ್ರಶ್ನೆ: ಗುಡುಗು-ಮಿಂಚಿನ ಮೊದಲ ಮಳೆ ಬಿದ್ದರೆ ಪೈರು ಕಪ್ಪುಹಸಿರಾಗುತ್ತದೆ, ಪಂಪಿನ ನೀರಿಗೆ ಆಗುವುದಿಲ್ಲ. ಮಿಂಚು ಗೊಬ್ಬರ ತರುತ್ತದೆ ಎನ್ನುವುದು ನಿಜವೇ? (ಚಿತ್ರದುರ್ಗ)

ಉತ್ತರ: ತರುತ್ತದೆ, ಆದರೆ ಅಷ್ಟು ಹಸಿರಿಗೆ ಸಾಲುವಷ್ಟಲ್ಲ. ಮಿಂಚಿನ ಕಾವಿಗೆ ಗಾಳಿಯ ಸಾರಜನಕ, ಆಮ್ಲಜನಕ ಸೇರಿ ಕೊನೆಗೆ ನೈಟ್ರೇಟಾಗಿ ಮಳೆಯಲ್ಲಿ ಇಳಿಯುತ್ತದೆ. ವರ್ಷಪೂರ್ತಿಯ ಮಳೆಯಿಂದ ಹೆಕ್ಟೇರಿಗೆ ಸಿಗುವುದು ಕೆಲವೇ ಕಿಲೋ. ಒಂದು 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ.

ಹೆಚ್ಚಿನ ಪಾಲು ಕೆಲಸ ನಿಮ್ಮ ಮಣ್ಣಿನದೇ. ಬೇಸಿಗೆಯಲ್ಲಿ ಒಣಗಿ ಸತ್ತ ಸೂಕ್ಷ್ಮಜೀವಿಗಳ ಮೈ, ಬಿರುಕುಬಿಟ್ಟ ಹೆಂಟೆಯೊಳಗೆ ಅಡಗಿದ್ದ ಸಾವಯವ ಅಂಶ ಎರಡೂ ಮೊದಲ ತೇವಕ್ಕೆ ಒಮ್ಮೆಲೇ ಕೈಗೆ ಸಿಗುತ್ತವೆ. ಬದುಕುಳಿದ ಬ್ಯಾಕ್ಟೀರಿಯಾ ಅದನ್ನು ತಿಂದು ಅಮೋನಿಯಂ, ನೈಟ್ರೇಟ್ ಬಿಡುತ್ತವೆ. ಪೂರ್ವ ಆಫ್ರಿಕಾದ ಮಣ್ಣಿನಲ್ಲಿ ಇದನ್ನು ಅಳೆದವರ ಹೆಸರಿನಿಂದ ಬರ್ಚ್ ಪರಿಣಾಮ ಎನ್ನುತ್ತಾರೆ. ಪಂಪಿನ ನೀರು ಹಾಯಿಸಿದ ಹೊಲ ಪೂರ್ತಿ ಒಣಗುವುದೇ ಅಪರೂಪ, ಹಾಗಾಗಿ ಅಲ್ಲಿ ಈ ಉಕ್ಕು ಕಾಣುವುದಿಲ್ಲ. ಈ ನೈಟ್ರೇಟ್ ಮಣ್ಣಿನ ಕಣಕ್ಕೆ ಅಂಟಿಕೊಂಡು ನಿಲ್ಲುವುದಿಲ್ಲ. ಭರಣಿ ಮಳೆಗೆ ಹದ ಸಿಕ್ಕೂ ಬಿತ್ತದೆ ಬಿಟ್ಟರೆ, ಮುಂದಿನ ಎರಡು ಜೋರು ಮಳೆಗೆ ಬೇರಿನ ಕೆಳಗೆ ಇಳಿದುಹೋಗಿರುತ್ತದೆ.